ಸೋತ ಮನೆಗೆ ಬುತ್ತಿ

ಟಿವಿಯಲ್ಲಿ ಜಗತ್ತಿನ ಕ್ರೀಡಾಕೂಟದ ಮೆರವಣಿಗೆ ಬಂದರೆ, ದೊಡ್ಡ ದೇಶಗಳ ಹೊತ್ತಿಗೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಅವು ಬೀಗರ ದಿಬ್ಬಣದಂತೆ, ಮುಗಿಯುವುದೇ ಇಲ್ಲ. ನನಗೆ ನೋಡಬೇಕೆನಿಸುವುದು ಒಂದು ಬಾವುಟದ ಹಿಂದೆ ಮೂರೋ ನಾಲ್ಕೋ ಜನ ಬರುವ ದೇಶಗಳನ್ನು. ಊಟಕ್ಕೆ ಕರೆದಿದ್ದಾರೋ ಇಲ್ಲವೋ ಎಂಬ ಅನುಮಾನದಲ್ಲೇ ಬಂದ ದೂರದ ನೆಂಟರ ಹಾಗೆ ಅವರು ಕೈಬೀಸುತ್ತಾರೆ.

ಹೋದ ಸಲ ಅಂಥ ನಾಲ್ವರಲ್ಲಿ ಒಬ್ಬಳು ನಮ್ಮ ಪಕ್ಕದ ಮನೆಯ ಲೂಸಿ. ವಿಲಾಯತಿಯ ಈ ಹ್ಯಾರೋ ಊರಿನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರ ದೇಶ ಸಮುದ್ರದೊಳಗಿನ ಒಂದು ಚೂರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ನಕಾಶೆಯಲ್ಲಿ ಅದು ಸಿಗಲಿಲ್ಲ, ಬಹಳ ಓದಿದ ನನ್ನ ಸೊಸೆಗೂ ಸಿಗಲಿಲ್ಲ. ಇಲ್ಲೇ ಹತ್ತಿರದ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ದುಡಿದು, ಉಳಿದ ಹೊತ್ತೆಲ್ಲ ಓಡಿದ ಹುಡುಗಿ ಲೂಸಿ. ಓಟದಲ್ಲಿ ಆ ದೇಶಕ್ಕೆ ಸಿಗುವುದು ಒಂದೇ ಜಾಗ. ಮುಂದಿನ ಸಲ ಅದು ಚಿಕ್ಕವಳೊಬ್ಬಳಿಗೆ ಎಂದು ಆಗಲೇ ಹೇಳಿಬಿಟ್ಟಿದ್ದರು.

ಓಟ ಶುರುಮಾಡುವ ಗುಂಡಿನ ಸದ್ದಿಗಿಂತ ಮೊದಲೇ ಲೂಸಿ ಕಾಲು ಕಿತ್ತಳು. ಹೊರಗೆ ಹಾಕಿದರು. ಓಡಲೇ ಇಲ್ಲ.

ಅವಳು ಮನೆಗೆ ಬಂದ ದಿನ ಬೀದಿಯವರೆಲ್ಲ ಕೇಕು, ಬಲೂನು ಹಿಡಿದು ಹೋದರು. ಅಷ್ಟು ದೂರ ಹೋದದ್ದೇ ದೊಡ್ಡದು ಎಂದರು. ಹೀಗೆ ಹೇಳುವವರು ಒಂದೋ ಗೆದ್ದವರು, ಇಲ್ಲವೇ ಕುರ್ಚಿಯಿಂದ ಏಳದವರು. ನಾನೂ ಎರಡನೆಯ ಪೈಕಿಯೇ, ಮೊಣಕಾಲು ಕೇಳಬೇಕಲ್ಲ; ಆದರೆ ನನಗೆ ಆ ಸುಳ್ಳು ಬರುವುದಿಲ್ಲ. ಹುಡುಗಿ ಏನೂ ಉಣ್ಣುತ್ತಿಲ್ಲ ಎಂದು ಅವರಮ್ಮ ಸೊಸೆಯ ಹತ್ತಿರ ಹೇಳಿದ್ದಳು. ನಮ್ಮ ಧಾರವಾಡದ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಬುತ್ತಿ ಒಯ್ಯುತ್ತಾರೆ. ನಾನು ಮೊಸರನ್ನ ಕಲಸಿ ಕಟ್ಟಿದೆ.

ಸೊಸೆ ಗಾಬರಿಯಾದಳು. "ಅತ್ತೀ, ಇದು ಸತ್ತವರ ಮನಿಗೆ ಒಯ್ಯೂದಲ್ರಿ?"

"ಮತ್ತ ನಾ ಎಲ್ಲಿಗೆ ಹೊಂಟೇನಿ ಅನ್ಕೊಂಡಿ?"

ಅವರ ಮನೆಯಲ್ಲಿ ಬುತ್ತಿ ಬಿಚ್ಚಿದೆ. ಲೂಸಿ ಅನ್ನ ನೋಡಿ, ಇವತ್ತು ನಿಮ್ಮದೇನು ಹಬ್ಬ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸೊಸೆ ತಡವರಿಸಿದಳು.

"ಇದ್ದದ್ದು ಇದ್ದಂಗ ಹೇಳವಾ," ಎಂದೆ. ಹೇಳಿದಳು.

"ಯಾರು ಸತ್ತಾರ ಅಂತ ಕೇಳಾಕತ್ತಾಳ್ರಿ."

"ಆಕಿ ಓಟ ಅನ್ನು. ಅದು ಮತ್ತ ಎದ್ದು ಬರೂದಿಲ್ಲ ಅಂತನೂ ಹೇಳು."

ಅವರಮ್ಮ ನನ್ನನ್ನು ಬಾಗಿಲಾಚೆ ಕಳಿಸುತ್ತಾಳೆ ಎಂದುಕೊಂಡೆ. ಲೂಸಿ ಅತ್ತಳು, ಬಂದಾಗಿನಿಂದ ಅದೇ ಮೊದಲಂತೆ. ಸಮಾಧಾನ ಮಾಡಲು ಹೊರಟ ಸೊಸೆಯ ಸೆರಗು ಹಿಡಿದು ಕೂರಿಸಿದೆ. ಬಹಳ ಹೊತ್ತಿನ ಮೇಲೆ ಹುಡುಗಿ ಚಮಚ ಎತ್ತಿಕೊಂಡು ಒಂದು ತುತ್ತು ತಿಂದಳು. ಉಪ್ಪು ಕಡಿಮೆ ಎಂದಳು.

ಎಷ್ಟೋ ಸಾವಿನ ಮನೆಗಳಿಗೆ ಬುತ್ತಿ ಒಯ್ದಿದ್ದೇನೆ. ಮೊದಲ ದಿನವೇ ಉಪ್ಪಿನ ಮಾತೆತ್ತಿದವರನ್ನು ಕಂಡಿರಲಿಲ್ಲ. ಇವಳು ಬದುಕುತ್ತಾಳೆ ಎಂದುಕೊಂಡು, ಸೊಸೆಯನ್ನು ಉಪ್ಪು ತರಲು ಕಳಿಸಿದೆ.