ಆರು ಡ್ರಾಯರಿನ ತುಕ್ಕು

ಆಗೆಲ್ಲ ಕೊಡ್ಲಿಪೇಟೆ ಕಡೆಯ ಎಸ್ಟೇಟುಗಳಲ್ಲಿ ಮಿಷನ್ ಕೆಟ್ಟರೆ ಪೇಟೆಗೆ ಹೇಳಿ ಕಳಿಸುವ ಮಾತೇ ಇರಲಿಲ್ಲ. ಎಸ್ಟೇಟಿಗೊಬ್ಬ ಫಿಟ್ಟರ್ ಇರುತ್ತಿದ್ದ. ನೀರಿನ ಪಂಪು, ಡೀಸೆಲ್ ಎಂಜಿನ್ನು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಕೊನೆಗೆ ಧಣಿಗಳ ಮನೆಯ ಬಾಗಿಲ ಚಿಲಕ, ಎಲ್ಲಕ್ಕೂ ಅವನೇ. ನಮ್ಮ ಎಸ್ಟೇಟಿನ ಫಿಟ್ಟರ್ ನಮ್ಮಪ್ಪ, ರಂಗಪ್ಪ. ಇಷ್ಟು ಬರೆಯುವಷ್ಟರಲ್ಲೇ ನನಗೆ ಎದೆ ತುಂಬಿ ಬರುತ್ತಿದೆ, ಏನು ಮಾಡಲಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಒತ್ತು, ದೀರ್ಘ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಾವು ಅರಕಲಗೂಡಿನ ಕಡೆಯಿಂದ ಬಂದವರು. ಇರಲು ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳ ಮನೆಗಳ ಸಾಲಿನಲ್ಲಿ, ಒಂದು ಮನೆ ಕೊಟ್ಟಿದ್ದರು. ಅಪ್ಪನ ಕೆಲಸ ಇರುವವರೆಗೆ ಆ ಮನೆ. ಕೆಲಸ ಹೋದರೆ ಮನೆಯೂ ಹೋಯಿತು. ಅದು ನನಗೂ ಗೊತ್ತಿತ್ತು, ಏಕೆಂದರೆ ಪಕ್ಕದ ಮನೆಯವರು ಒಮ್ಮೆ ಹಾಗೆಯೇ ಪಾತ್ರೆ ಪಗಡ ಹೊತ್ತು ಹೋದದ್ದನ್ನು ನೋಡಿದ್ದೆ.

ಲೈನಿನ ಹಿಂದೆಯೇ ಅಪ್ಪನ ಶೆಡ್ಡು. ಡೀಸೆಲ್ಲು, ಒದ್ದೆ ಗೋಣಿ, ಕೊಳೆತ ಕಾಫಿ ಸಿಪ್ಪೆ, ಮೂರೂ ಕಲಸಿದ ವಾಸನೆ ಅಲ್ಲಿ. ನಡುವೆ ಹಲಸಿನ ಮರದ ದೊಡ್ಡ ಮೇಜು, ಅದರ ಹೊಟ್ಟೆಯಲ್ಲಿ ಏಳು ಡ್ರಾಯರು. ಮಳೆಗಾಲದಲ್ಲಿ ಮರ ಉಬ್ಬಿ ಅವು ಕಚ್ಚಿಕೊಳ್ಳುತ್ತಿದ್ದವು. ಆಗ ಅಪ್ಪ ಅಂಚಿಗೆ ಮೇಣದ ಬತ್ತಿ ತಿಕ್ಕಿ ಎಳೆಯುತ್ತಿದ್ದ. ಒಂದರಲ್ಲಿ ನಟ್ಟು ತಿರುಗಿಸುವ ಪಾನಗಳು, ಒಂದರಲ್ಲಿ ಸುತ್ತಿಗೆಗಳು, ಒಂದರಲ್ಲಿ ಅರಗಳು, ಹೀಗೆ. ಏಳನೆಯದರಲ್ಲಿ ಬರೀ ನಟ್ಟು, ಬೋಲ್ಟು, ವಾಷರು. ನಾವು ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡಲು ಅಲ್ಲಿಂದಲೇ ವಾಷರ್ ಎತ್ತುತ್ತಿದ್ದೆವು. ಮಣ್ಣಿನ ಬಿಲ್ಲೆಯ ಹಾಗೆ ಒಡೆಯುವುದಿಲ್ಲ, ಗೆರೆಯ ಮೇಲೆ ಬಿದ್ದರೆ ಟಿಣ್ ಎನ್ನುತ್ತದೆ. ಆಹಾ, ಆ ಸುಖ!

ವರ್ಷಕ್ಕೊಮ್ಮೆ ಆಯುಧಪೂಜೆಯ ಮುಂಚೆ ಡ್ರಾಯರುಗಳಿಗೆ ಹೊಸ ಹಾಸು. ಹಳೆಯದನ್ನು ಕಿತ್ತೆಸೆದು, ಕಾಫಿ ಗೋಣಿಯನ್ನು ಅಳತೆಗೆ ಕತ್ತರಿಸಿ, ಎಂಜಿನ್ನಿನಿಂದ ತೆಗೆದ ಕರಿ ಎಣ್ಣೆಯಲ್ಲಿ ಅದ್ದಿ ಹಿಂಡಿ, ಅಪ್ಪ ಹಾಸುತ್ತಿದ್ದ. ನನಗೆ ಒಂಬತ್ತು ವರ್ಷವಿದ್ದಾಗ, ಪೂಜೆಗೆ ಎರಡು ದಿನವಿದೆ ಎನ್ನುವಾಗ ಅಪ್ಪನ ಬಲಗೈ ಊದಿಕೊಂಡಿತು. ಎಂಜಿನ್ನಿನ ಬೆಲ್ಟಿಗೆ ಸಿಕ್ಕಿ ಜಜ್ಜಿತ್ತು. ಅವ್ವ ಅರಿಸಿನ ಹಚ್ಚಿ ಬಟ್ಟೆ ಸುತ್ತಿದಳು. ಈ ಸಲ ಹಾಸುವ ಕೆಲಸ ನಿಂದು ಎಂದು ಅಪ್ಪ ನನಗೆ ಹೇಳಿದ. ನಾನು ನಿಂತಲ್ಲೇ ಕುಣಿದೆ.

ಆದರೆ ನನ್ನ ತಲೆಯಲ್ಲಿ ನನ್ನದೇ ಒಂದು ಲೆಕ್ಕ ಓಡಿತು. ಪೂಜೆ ಎಂದರೆ ಮಡಿ. ಅವ್ವ ದೇವರ ಮುಂದೆ ತೊಳೆದ ಬಟ್ಟೆ ಹಾಸಿ ತಾನೇ ಪಾತ್ರೆ ಇಡುವುದು? ತೊಳೆದು ಕುಂಕುಮ ಇಟ್ಟ ಪಾನವನ್ನು ಮತ್ತೆ ಕರಿ ಎಣ್ಣೆಯ ಮೇಲೆ ಮಲಗಿಸುವುದೇ? ಕಾಫಿ ಗೋಣಿಯೋ, ಮುಗ್ಗು ವಾಸನೆ. ಒಲೆಯ ಮೇಲಿನ ಅಟ್ಟದಲ್ಲಿ ಬೇರೊಂದು ಗೋಣಿ ಇತ್ತು. ಒತ್ತಾದ ನೇಯ್ಗೆ, ಒಲೆಯ ಕಾವಿಗೆ ಗರಿಗರಿ ಒಣಗಿತ್ತು, ಮೂಸಿದರೆ ಯಾವ ವಾಸನೆಯೂ ಇಲ್ಲ. ಅದನ್ನೇ ಕೊಡವಿ ಕತ್ತರಿಸಿದೆ. ಎಣ್ಣೆ ಮುಟ್ಟಿಸಲಿಲ್ಲ. ಆರು ಡ್ರಾಯರಿಗೆ ಸಾಲಿತು. ಏಳನೆಯದಕ್ಕೆ ಸಾಲದೆ ಅಪ್ಪ ಕೊಟ್ಟಿದ್ದ ಕಾಫಿ ಗೋಣಿಯ ತುಂಡನ್ನೇ ತುರುಕಿದೆ. ಮೇಲೆ ಪಾನಗಳನ್ನು ಶಾಲೆಯ ಪ್ರಾರ್ಥನೆಗೆ ನಿಂತವರ ಹಾಗೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟೆ. ಅಪ್ಪ ಬಂದವನು ಒಂದೊಂದೇ ಡ್ರಾಯರ್ ಎಳೆದು ನೋಡಿದ. ಎಡಗೈಯನ್ನು ನನ್ನ ತಲೆಯ ಮೇಲಿಟ್ಟ. ಪೂಜೆಯ ದಿನ ಪುರಿ ಬೆಲ್ಲ ಹಂಚುವಾಗ ನನಗೆ ಎರಡು ಸಲ ಸಿಕ್ಕಿತು.

ಪೂಜೆಯಾದ ಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಅಪ್ಪನ ಕೈ ವಾಸಿಯಾಗಿ, ಕಾಫಿ ಹಣ್ಣು ಬಿಡಿಸುವ ಪಿಕಿಂಗ್ ಶುರುವಾಗುವ ಮೊದಲು ಪಲ್ಪರ್ ಬಿಚ್ಚೋಣವೆಂದು ಡ್ರಾಯರ್ ಎಳೆದರೆ ಪಾನಗಳೆಲ್ಲ ಕೆಂಪಗೆ. ಪುಡಿಪುಡಿ ತುಕ್ಕು. ಅಪ್ಪ ಉಜ್ಜಿದ, ಎಣ್ಣೆ ಒರೆಸಿದ, ಮತ್ತೆ ಅದೇ ಡ್ರಾಯರಿನಲ್ಲಿಟ್ಟ. ವಾರ ಕಳೆದು ನೋಡಿದರೆ ಮತ್ತೆ ಕೆಂಪು. ಆರು ಡ್ರಾಯರೂ ಹಾಗೆಯೇ. ಏಳನೆಯದರ ನಟ್ಟು ಬೋಲ್ಟುಗಳು ಮಾತ್ರ ಹೊಳೆಯುತ್ತಿದ್ದವು. ಅದೇ ಶೆಡ್ಡು, ಅದೇ ಮೇಜು, ಅದೇ ಮಳೆ; ಅದೊಂದಕ್ಕೆ ಏಕೆ ಇಲ್ಲ?

ಯಾರಿಗೂ ತಲೆಬುಡ ತಿಳಿಯಲಿಲ್ಲ. ಮಾಡು ಸೋರುತ್ತಿರಬೇಕೆಂದು ಅಪ್ಪ ಮೇಜನ್ನು ಮೂರು ಸಲ ಬೇರೆ ಬೇರೆ ಗೋಡೆಗೆ ಸರಿಸಿದ. ಎಣ್ಣೆಯೇ ಕಲಬೆರಕೆ ಎಂದು ಬೇರೆ ಎಣ್ಣೆ ತಂದ. ಕುಂಕುಮದ ಬಣ್ಣ ಬಿಟ್ಟಿರಬಹುದೇ ಎಂದು ಅವ್ವ ಕೇಳಿದಳು. ಆಮೇಲೆ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನೋ, ಜೋಡಿಸುವಾಗ ದೊಡ್ಡ ಪಾನವನ್ನು ಗೊತ್ತಿಲ್ಲದೆ ತುಳಿದಿದ್ದೆ, ಅದರ ಶಾಪವೇ ಇದು ಎಂದುಕೊಂಡು ದಿನಾ ಹೋಗಿ ಆ ಪಾನಕ್ಕೆ ಕೈಮುಗಿದೆ. ಅದು ಮಿಕ್ಕವಕ್ಕಿಂತ ಹೆಚ್ಚು ಕೆಂಪಾಯಿತು. ದೇವರ ಮನಸ್ಸೂ ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ಎಸ್ಟೇಟಿನ ರೈಟರ್ ಕಿವಿಗೆ ಬಿತ್ತು. ಆಳುಕಾಳಿನ ಲೆಕ್ಕ, ಸಾಮಾನಿನ ಲೆಕ್ಕ ಎಲ್ಲ ಅವರ ಕೈಯಲ್ಲಿ. ದಪ್ಪ ಕನ್ನಡಕ, ಸಣ್ಣ ದನಿ. ಒಂದು ಶುಕ್ರವಾರ ಬಂದು ಒಂದು ಪಾನ ಎತ್ತಿ ನೋಡಿದರು, ಬೆರಳಿಗೆ ಹತ್ತಿದ ಕೆಂಪನ್ನು ಬಾಗಿಲಿಗೆ ಒರೆಸಿದರು.

"ಎಂತ ರಂಗಪ್ಪ, ಇದೆಲ್ಲ ಎಸ್ಟೇಟಿನ ಸಾಮಾನು. ಸೋಮವಾರ ಧಣಿಗಳು ಬಂದು ನೋಡ್ತಾರೆ. ಸೋಮವಾರಪೇಟೆ ಕಡೆಯವನೊಬ್ಬ ಫಿಟ್ಟರ್ ಬರ್ತೇನೆ ಅಂತ ಕೇಳ್ತಾ ಇದ್ದಾನೆ. ಮತ್ತೆ ನನ್ನನ್ನು ಅನ್ನಬೇಡ."

ಆ ದಿನ ಅಕ್ಕಿರೊಟ್ಟಿ ಎಲ್ಲರ ತಟ್ಟೆಯಲ್ಲೂ ಹಾಗೇ ಉಳಿಯಿತು. ಅವ್ವ ಹಿತ್ತಾಳೆ ಚೊಂಬನ್ನೂ ಪಾತ್ರೆಗಳನ್ನೂ ಒಂದು ಕಡೆ ಜೋಡಿಸತೊಡಗಿದಳು. ಏಕೆ ಎಂದು ಕೇಳಿದರೆ ಸುಮ್ಮನೆ ಎಂದಳು. ಪಕ್ಕದ ಮನೆಯವರು ಹೋದದ್ದು ನನಗೆ ನೆನಪಾಯಿತು.

ಶನಿವಾರ ಬೆಳಗ್ಗೆ ಬಿಸಿಲು ಬಂತು. ಅಪ್ಪ ಸಾಮಾನನ್ನೆಲ್ಲ ತಾಡಪಾಲಿನ ಮೇಲೆ ಸುರಿದು, ಏಳೂ ಡ್ರಾಯರನ್ನು ಎಳೆದು ತಂದು ಅಂಗಳದಲ್ಲಿ ಸಾಲಾಗಿ ಇಟ್ಟ, ಹಾಸಿನ ಸಮೇತ. ತೇವ ಇದ್ದರೆ ಆರಲಿ ಎಂದು. ಆಗ ಬಂದಳು ಗೌರಿ. ರೈಟರ್ ಮನೆಯ ಕಪಿಲೆ ಹಸು. ಹುಲ್ಲಿಗೆ ಬಾಯಿ ಹಾಕದೆ ನೇರ ಮೊದಲ ಡ್ರಾಯರಿಗೆ ಮೂತಿ ಹಾಕಿ ಹಾಸನ್ನು ನೆಕ್ಕತೊಡಗಿದಳು. ಅವ್ವ ಹಚಾ ಎಂದು ಅಟ್ಟಿದಳು. ಒಂದು ಸುತ್ತು ಹೋಗಿ ಮತ್ತೆ ಬಂದಳು. ಪೊರಕೆಯಲ್ಲಿ ಹೊಡೆದರೂ ಕದಲಲಿಲ್ಲ. ಮೊದಲನೆಯದು, ಎರಡನೆಯದು, ಆರನೆಯದರ ತನಕ ಸರಸರ ನೆಕ್ಕಿದಳು. ಏಳನೆಯದನ್ನು ಮೂಸಿ ಬುಸ್ ಎಂದು ಉಸಿರು ಬಿಟ್ಟು ಹಿಂದಕ್ಕೆ ತಿರುಗಿದಳು.

ಹಸು ಹುಡುಕಿಕೊಂಡು ರೈಟರೂ ಬಂದರು.

"ನಮ್ಮ ಗೌರಿಗೆ ಎಂತ ಆಗಿದೆ ಮಾರಾಯ, ಮನೇಲಿ ಹಿಂಡಿ ಬಿಟ್ಟು ನಿನ್ನ ಡ್ರಾ ತಿನ್ನುತ್ತಾ ಇದ್ದಾಳೆ?"

ಅಪ್ಪ ಕುಕ್ಕರಗಾಲಲ್ಲಿ ಕೂತು ಹಾಸಿನ ಅಂಚನ್ನು ಹರಿದು ನಾಲಗೆಗೆ ಮುಟ್ಟಿಸಿದ. ಮೆಲ್ಲಗೆ ಎದ್ದು ಅದನ್ನು ಅವ್ವನಿಗೆ ಕೊಟ್ಟ. ಅವ್ವ ನೆಕ್ಕಿದಳು. ಅವಳ ಕೈಯಿಂದ ರೈಟರ್ ತೆಗೆದುಕೊಂಡು, ಕನ್ನಡಕ ಮೇಲೆ ಸರಿಸಿ, ಅವರೂ ನೆಕ್ಕಿದರು. ನನಗೆ ಭಯಕ್ಕಿಂತ ಆಶ್ಚರ್ಯ. ಹಸುವಿಗೆ ಹಿಡಿದದ್ದು ಇವರಿಗೂ ಹಿಡಿಯಿತೇ? ದೊಡ್ಡವರು ಮೂವರು ಅಂಗಳದಲ್ಲಿ ನಿಂತು ಗೋಣಿ ನೆಕ್ಕುವುದನ್ನು ನೀವೇ ಊಹಿಸಿಕೊಳ್ಳಿ.

"ಉಪ್ಪು ಕಣ್ರೀ," ಎಂದಳು ಅವ್ವ.

ಅಪ್ಪ ನನ್ನ ಕಡೆ ತಿರುಗಿದ. "ಕೂಸೇ, ಈ ಗೋಣಿ ಎಲ್ಲಿಂದ ತಂದೆ?"

"ಅಟ್ಟದಿಂದ. ಪೂಜೆಗೆ ಚೆಂದಾಗಿರ್ಲಿ ಅಂತ."

ಅಟ್ಟದ ಗೋಣಿ ಅಂಗಡಿಯಿಂದ ಕಲ್ಲುಪ್ಪು ತುಂಬಿಕೊಂಡು ಬಂದಿದ್ದ ಗೋಣಿ. ಖಾಲಿಯಾದ ಮೇಲೆ ಅವ್ವನೇ ಅಲ್ಲಿ ಮಡಿಸಿಟ್ಟಿದ್ದಳು. ಒಲೆಯ ಮೇಲೆ ಇದ್ದಾಗ ಒಣಗಿತ್ತು. ಶೆಡ್ಡಿನ ಥಂಡಿಗೆ ಬಂದದ್ದೇ ನೀರು ಕುಡಿದು ಕಬ್ಬಿಣವನ್ನು ತಿನ್ನತೊಡಗಿತ್ತು. ಇದನ್ನು ಅವ್ವ ಆಮೇಲೆ ಬಿಡಿಸಿ ಹೇಳಿದಳು. ಆ ಹೊತ್ತಿಗೆ ನನಗೆ ತಿಳಿದದ್ದು ಒಂದೇ. ತಪ್ಪು ಪಾನ ತುಳಿದದ್ದಲ್ಲ, ನಾನು ತುಂಬ ಇಷ್ಟಪಟ್ಟು ಮಾಡಿದ ಕೆಲಸವೇ ತಪ್ಪು. ಅದು ಹೇಗೆ ಎಂದು ಮಾತ್ರ ತಲೆಗೆ ಹೋಗಲಿಲ್ಲ. ಈಗ ನಮ್ಮನ್ನು ಕಳಿಸಿಬಿಡುತ್ತಾರೆ ಎಂದು ಗೋಡೆಗೆ ಒರಗಿ ನಿಂತೆ.

ಅಪ್ಪ ರೈಟರಿಗೆ ಹೇಳಿದ: "ಹಾಸೋದು ನನ್ ಕೆಲ್ಸ ಸಾಮಿ. ಕೈ ಊದೈತೆ ಅಂತ ಮಗೀಗೆ ಬಿಟ್ಟು, ಕಾಫಿ ಗೋಣೀನೇ ಇರ್ಬೇಕು ಅಂತ ತಿರುಗಿಸಿ ನೋಡ್ಲಿಲ್ಲ. ತಪ್ಪು ನಂದೇ. ಧಣಿಗಳಿಗೂ ಹಂಗೇ ಹೇಳಿ."

ರೈಟರ್ ಹಸುವಿನ ಹಗ್ಗಕ್ಕೆ ಕೈ ಹಾಕಿದರು, ಬಿಟ್ಟರು. "ಸೋಮವಾರಕ್ಕೆ ಎರಡು ದಿನ ಉಂಟಲ್ಲ," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಗೌರಿ ಇಲ್ಲೇ ಇರಲಿ. ಕೆಲಸ ಅರ್ಧ ಮಾಡಿ ಬಿಡುವ ಪೈಕಿ ಅಲ್ಲ ಅವಳು."

ಆ ಎರಡು ದಿನ! ಅವ್ವ ಡ್ರಾಯರುಗಳನ್ನು ಬಿಸಿನೀರಲ್ಲಿ ಉಜ್ಜಿ ಬಿಸಿಲಿಗಿಟ್ಟಳು. ಅಪ್ಪನೂ ನಾನೂ ತಾಡಪಾಲಿನ ಎರಡು ಕೊನೆಯಲ್ಲಿ ಕೂತು ಶುರುಮಾಡಿ, ಉಜ್ಜುತ್ತಾ ಉಜ್ಜುತ್ತಾ ನಡುವಿಗೆ ಬಂದೆವು. ಸೀಮೆಎಣ್ಣೆ, ಇಟ್ಟಿಗೆ ಪುಡಿ, ತೆಂಗಿನ ನಾರು. ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಈ ಪಾನ ಯಾವ ಬೋಲ್ಟಿಗೆ, ಈ ಸುತ್ತಿಗೆಯ ಹಿಡಿ ಯಾವ ಮರದ್ದು, ಈ ಅರವನ್ನು ಯಾವ ದಿಕ್ಕಿಗೆ ಎಳೆಯಬೇಕು, ಎಲ್ಲ ಹೇಳಿದ. ಅವನ ಊರಿನ ಕೆರೆ, ಅವನ ತಮ್ಮ, ಹೆಣ್ಣು ನೋಡಲು ಅವ್ವನ ಮನೆಗೆ ಹೋದಾಗ ಕೆಸರಲ್ಲಿ ಜಾರಿ ಬಿದ್ದದ್ದು, ಅದೂ ಬಂತು. ನಾನು ಕಾಯುತ್ತಲೇ ಇದ್ದೆ. ಕೊನೆಗೆ ತಡೆಯಲಾರದೆ ಕೇಳಿದೆ.

"ಅಪ್ಪಾ, ಬೈಯಲ್ವಾ?"

"ಆ ಪಾನದ ಬಾಯೊಳಗೆ ಇನ್ನೂ ಐತೆ ನೋಡು," ಎಂದ ಅಪ್ಪ.

ಇದೇ ಅವನ ಉತ್ತರ. ಅರವತ್ತು ವರ್ಷದ ಮೇಲಾಯಿತು, ನಾನು ಇದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದೇನೆ.

ಸೋಮವಾರ ಧಣಿಗಳು ಬಂದರು. ಎಣ್ಣೆಯಲ್ಲಿ ಅದ್ದಿದ ಕಾಫಿ ಗೋಣಿಯ ಮೇಲೆ ಪಾನಗಳು ಮಲಗಿದ್ದವು. ಒಂದು ಡ್ರಾಯರ್ ಎಳೆದರು, ಹೂಂ ಎಂದರು, ಮುಚ್ಚಿದರು. ಪಲ್ಪರ್ ಎಂದಿಗೆ ತಯಾರು ಎಂದು ಕೇಳಿದರು. ಅಷ್ಟೆ. ಅವ್ವ ಪಾತ್ರೆಗಳನ್ನು ಮತ್ತೆ ಗೂಡಿಗೆ ಏರಿಸಿದಳು. ಸೋಮವಾರಪೇಟೆಯ ಫಿಟ್ಟರ್ ಬರಲಿಲ್ಲ. ಊಟ ಸೇರದಷ್ಟು ಹೆದರಿದ್ದು ಈ ಒಂದು ಹೂಂಗೇ ಎಂದು ನನಗೆ ನಗುವೂ ಬಂತು, ಅಳುವೂ ಬಂತು.

ಇಷ್ಟೆಲ್ಲ ಈಗ ಬರೆಯಲು ಕಾರಣ ನನ್ನ ಮೊಮ್ಮಗಳು ಪಲ್ಲವಿ. ಐ.ಟಿ.ಐ. ಓದಿದ ಹುಡುಗಿ, ಹೋದ ತಿಂಗಳು ಕುಶಾಲನಗರದಲ್ಲಿ ಪಂಪುಸೆಟ್ಟು, ಹುಲ್ಲು ಕತ್ತರಿಸುವ ಮಿಷನ್ನುಗಳ ರಿಪೇರಿ ಅಂಗಡಿ ತೆರೆದಿದ್ದಾಳೆ. ಬೋರ್ಡಿನಲ್ಲಿ ಅವಳದೇ ಹೆಸರು! ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ; ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಅವಳ ಸಾಮಾನಿಗೆ ಕೆಂಪು ಬಣ್ಣದ ಕಬ್ಬಿಣದ ಪೆಟ್ಟಿಗೆ. ಡ್ರಾಯರ್ ಒಂದು ಬೆರಳಿಗೆ ಜಾರಿ ಬರುತ್ತದೆ. ಒಳಗೆ ಕರಿ ಸ್ಪಂಜಿನ ಹಾಸು, ಪ್ರತಿ ಪಾನಕ್ಕೂ ಅದರದೇ ಆಕಾರದ ಗುಳಿ. ಒಂದೊಂದನ್ನೂ ಎತ್ತಿ ನೋಡಿದೆ, ನನ್ನ ಮುಖ ಕಾಣುವಷ್ಟು ಹೊಳಪು.

"ಇದಕ್ಕೆ ತುಕ್ಕೇ ಹಿಡಿಯಲ್ಲ ಅಜ್ಜಿ," ಎಂದಳು. "ಉಜ್ಜೋದು, ಎಣ್ಣೆ ಹಚ್ಚೋದು ಏನೂ ಬೇಡ."

ಒಳ್ಳೆಯದಾಯಿತು ಮಗಳೇ ಎಂದೆ. ಅವಳಿಗೆ ನಮ್ಮ ಹಾಗೆ ಹೆದರಿ ಕೂರುವ ದಿನ ಬರುವುದಿಲ್ಲವಲ್ಲ ಎಂದು ನಿಜವಾಗಿಯೂ ಖುಷಿಯಾಯಿತು. ಆದರೂ ನಾನು ಅಲ್ಲೇ ನಿಂತಿದ್ದೆ, ಕೂರಲು ಜಾಗ ಹುಡುಕುವವಳ ಹಾಗೆ. ಎರಡು ದಿನ ಎದುರುಬದುರು ಕೂತು ಮಾಡುವಂಥದ್ದು ಆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಇದು ಲಾಭವೋ ನಷ್ಟವೋ ನನ್ನ ಮೂರನೇ ಕ್ಲಾಸಿನ ತಲೆಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವಳು, ಸಾಮಾನು ಮುಟ್ಟಿದ್ದೀಯಲ್ಲ ಕೈ ಒರೆಸಿಕೋ ಎಂದು ಬಟ್ಟೆ ಕೊಟ್ಟಳು. ಎರಡೂ ಅಂಗೈ ತಿರುಗಿಸಿ ನೋಡಿಕೊಂಡೆ. ಒರೆಸಿಕೊಳ್ಳಲು ಒಂದು ಚೂರೂ ಅಂಟಿರಲಿಲ್ಲ.