ಟೆಸ್ಟ್ ದಿನದ ಟೋಸ್ಟು

ಕಾರಿಂದ ಮಗಳನ್ನ ಇಳಿಸಿ ಬ್ಯಾಗ್ ಕೊಡ್ತಿದ್ದೆ, ಸ್ಕೂಲ್ ಒಳಗಿಂದ ಸೀದ ಬ್ರೆಡ್ ವಾಸನೆ ಬಂತು. ಆಂಟಿ ನೆನಪಾದ್ರು…

ಮಗಳು ಮೂರನೇ ಕ್ಲಾಸಲ್ಲಿದ್ದಾಗ ಆ ಆಂಟಿ ಇಲ್ಲಿ ಟೀಚರ್‌ಗೆ ಸಹಾಯಕ್ಕಿದ್ರು. ಮೈಸೂರು ಕಡೆಯವ್ರು. ಆಸ್ಟ್ರೇಲಿಯಾದಲ್ಲಿ ಪರ್ತ್ ಆಗ್ಲಿ ನಮ್ ಬ್ರಿಸ್ಬೇನ್ ಆಗ್ಲಿ, ಮೂರನೇ ಕ್ಲಾಸ್ ಮಕ್ಕಳಿಗೆಲ್ಲ ಒಂದೇ ಟೆಸ್ಟು, ಐದನೇ ಕ್ಲಾಸಲ್ಲಿ ಇನ್ನೊಂದ್ ಸಲ. ಆಂಟಿಗೆ ಮಾರ್ಕ್ಸ್‌ಗಿಂತ ಮಕ್ಕಳು ಹೆಂಗ್ ಕೂತು ಬರೀತಾವೆ ಅನ್ನೋದೇ ಚಿಂತೆ. ಟೆಸ್ಟ್ ಹೊತ್ತಲ್ಲೇ ಸ್ಕೂಲಿನವ್ರು ಕಿಟಕಿ ಪಕ್ಕ ಹುಲ್ಲು ಕತ್ತರಿಸೋ ಮಷೀನ್ ಓಡಿಸ್ತಿದ್ರು. ಆಂಟಿ ಪ್ರಿನ್ಸಿಪಾಲ್ ಹತ್ರ ಜಗಳ ಆಡಿ ಅದನ್ನ ನಿಲ್ಲಿಸಿದ್ರು. ಎಷ್ಟೋ ಮಕ್ಕಳು ಖಾಲಿ ಹೊಟ್ಟೇಲಿ ಬರ್ತಾವೆ ಅಂತ ಹಾಲ್ ಮುಂದೆ ಟೇಬಲ್ ಹಾಕ್ಸಿ ಟೋಸ್ಟು, ಬಾಳೆಹಣ್ಣು, ಹಾಲು ಇಡ್ಸಿದ್ರು. ಟೋಸ್ಟ್ ಮಾತ್ರ ಯಾವಾಗ್ಲೂ ಸೀದೋಗ್ತಿತ್ತು.

"ಏನ್ ಆಂಟಿ, ಸ್ಕೂಲಲ್ಲೇ ದರ್ಶಿನಿ ಓಪನ್ ಮಾಡ್ಬಿಟ್ರಾ?" ಅಂತ ನಕ್ಕಿದ್ದೆ.

"ಹೂಂ ಕಣಪ್ಪ. ನಿನ್ ಮಗಳನ್ನೂ ಕಳ್ಸು."

"ಯಾಕೆ, ನಮ್ಮನೇಲಿ ತಿನ್ನಕ್ಕೆ ಗತಿ ಇಲ್ವಾ?"

ಮಗಳ ಮುಂದೇನೇ ಅಂದೆ. ಅಲ್ಲೇನೂ ಮುಟ್ಬೇಡ ಅಂತ ಅವಳಿಗೂ ಹೇಳ್ದೆ.

ನಾನು ಎಯ್ಟ್ ಮೈಲ್ ಪ್ಲೇನ್ಸ್ ಅನ್ನೋ ಏರಿಯಾದಲ್ಲಿ ರಾತ್ರಿಯೆಲ್ಲ ಆಫೀಸ್‌ಗಳನ್ನ ಕ್ಲೀನ್ ಮಾಡಿ ಬರೋ ಹೊತ್ತಿಗೆ ಹೆಂಡ್ತಿ ಕೆಲಸಕ್ಕೆ ಹೊರಟಿರೋಳು. ಬೆಳಿಗ್ಗೆ ಮಗಳನ್ನ ರೆಡಿ ಮಾಡೋದು ನನ್ ಪಾಲು. ನಾನಂತೂ ಎಂಟನೇ ಕ್ಲಾಸಿಗೇ ಬಿಟ್ಟವನು, ಇವಳಾದ್ರೂ ಚೆನ್ನಾಗ್ ಬರೀಲಿ ಅಂತ ಆಸೆ. ಟೆಸ್ಟ್ ದಿನ ಲೇಟಾಯ್ತು. ಪರೀಕ್ಷೆಗೆ ಹೋಗೋವಾಗ ನಮ್ಮಮ್ಮ ಕೊಡ್ತಿದ್ದಂಗೆ ಒಂದ್ ಚಮಚ ಮೊಸರು ಸಕ್ಕರೆ ಬಾಯಿಗಿಟ್ಟು ಕರ್ಕೊಂಡ್ ಬಂದ್ ಬಿಟ್ಟೆ. ಅದೇ ದೊಡ್ಡ ಕೆಲಸ ಅನ್ಕೊಂಡಿದ್ದೆ…

ಮನೆಗೋಗಿ ಮಲಗಿದ್ದೆ, ಆಂಟಿ ಫೋನ್ ಬಂತು. ಮಗಳು ಟೆಸ್ಟ್ ಮಧ್ಯೆ ತಲೆಸುತ್ತಿ ಡೆಸ್ಕ್ ಮೇಲೆ ಒರಗಿಬಿಟ್ಳಂತೆ. ಓಡ್ಬಂದೆ. ಮಗಳು ಆಂಟಿ ಪಕ್ಕ ಕೂತಿದ್ಲು, ಮುಂದೆ ಟೋಸ್ಟು. ಮುಟ್ಟಿರ್ಲಿಲ್ಲ.

"ಬೆಳಿಗ್ಗೆ ಏನ್ ತಿನ್ಸಿದ್ದಪ್ಪ?"

"ಮೊಸರು ಸಕ್ಕರೆ."

"ಅದು ಶಾಸ್ತ್ರ. ತಿಂಡಿ ಏನು?"

ನಾನು ನೆಲ ನೋಡ್ದೆ. ಮಗಳು ನನ್ ಮುಖ ನೋಡಿದ್ಲು. "ಅಪ್ಪಾ, ಕ್ಯಾನ್ ಐ ಈಟ್ ಇಟ್ ನೌ?"

ಹೂಂ ಅಂತ ತಲೆ ಆಡಿಸ್ದೆ.  ಆಂಟಿ ಸೀದಿದ್ದನ್ನ ಚಾಕುನಲ್ಲಿ ಕೆರೆದು ಅವಳ ಕೈಗಿಟ್ರು. ಬೈದಿದ್ರೆ ಚೆನ್ನಾಗಿತ್ತು.

ಆಮೇಲೆ ಆಂಟಿ ಅಡಿಲೇಡ್‌ಗೆ, ಅವ್ರ ತಂಗಿ ಹತ್ರ ಹೋದ್ರು. ಹೋಗೋ ಮುಂಚೆ ಒಂದಿನ ಗೇಟ್ ಹತ್ರ ಸಿಕ್ಕಿದ್ರು… ನಾನು ಫೋನ್ ನೋಡೋ ಹಂಗ್ ಮಾಡಿ ದಾಟ್ಕೊಂಡೋದೆ. ಹೋದ್ ವರ್ಷ ಅಲ್ಲೇ ತೀರ್ಕೊಂಡ್ರಂತೆ.

ಮಗಳೀಗ ಐದನೇ ಕ್ಲಾಸು. ಇವತ್ತು ಮತ್ತೆ ಅದೇ ಟೆಸ್ಟು. ಮನೇಲಿ ದೋಸೆ ತಿಂದೇ ಬಂದಿದ್ಲು. ಆದ್ರೂ ಫ್ರೆಂಡ್ಸ್ ಜೊತೆ ಆ ಟೇಬಲ್ ಕಡೆ ಹೋಗ್ತಾ ನಿಂತು, ನನ್ ಕಡೆ ತಿರುಗಿದ್ಲು. ತಿನ್ಲಾ ಬೇಡ್ವಾ ಅಂತ ಇನ್ನೂ ನನ್ ಮುಖ ನೋಡ್ತಾಳೆ.

ತಿನ್ನು ಅಂತ ತಲೆ ಆಡಿಸ್ದೆ. ಇಷ್ಟೇ. ಇನ್ನೇನೂ ಹೇಳಕ್ಕಿಲ್ಲ.