ಹಟ್ಟಿಯ ಬೇಲಿಯಾಚೆ ಒಂದು ಹಾಟ್ ಡಾಗ್ ಗಾಡಿ

ಜವನಗೊಂಡನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಆ ಹಟ್ಟಿಯಲ್ಲಿ ಕುರಿಗಳಿವೆ, ಮೇಕೆಗಳಿವೆ, ಮನೆಗೊಂದು ನಾಯಿಯಿದೆ. ಕೋಳಿ ಮಾತ್ರ ಒಂದೂ ಇಲ್ಲ. ಮುಳ್ಳಿನ ಬೇಲಿಯ ಒಳಗೆ ಕೋಳಿ ಸಾಕುವ ಹಾಗಿಲ್ಲ, ಕೋಳಿಯ ಮಾಂಸ ತರುವ ಹಾಗಿಲ್ಲ. ಹೊರಗೆ ಹೋದವರು ಏನು ತಿಂದರು ಎಂದು ಯಾರೂ ಕೇಳುವುದಿಲ್ಲ. ಬೇಲಿ ದಾಟಿ ಬರಬಾರದು, ಅಷ್ಟೆ. ದೇವರಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಅಜ್ಜನ ಕಾಲದಲ್ಲೂ ಹೀಗೇ ಇತ್ತಂತೆ.

ಅಂಥ ಹಟ್ಟಿಯ ಗಂಗಕ್ಕನ ಮಗ ಜುಂಜೇಶ ಹಿರಿಯೂರಿನಲ್ಲಿ ಹಾಟ್ ಡಾಗ್ ಗಾಡಿ ಹಾಕಿದ.

ಪಿಯುಸಿ ಅರ್ಧಕ್ಕೇ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ತುಮಕೂರಿನ ಕಡೆ ಹೆದ್ದಾರಿಯ ತಿಂಡಿ ಅಂಗಡಿಯೊಂದರಲ್ಲಿ ಎರಡು ವರ್ಷ ದುಡಿದ. ಅಲ್ಲಿ ಕಲಿತದ್ದು ಇದೊಂದು: ಉದ್ದನೆಯ ಬನ್ನು ಸೀಳಿ, ನಡುವೆ ಸುಟ್ಟ ಸಾಸೇಜ್ ಇಟ್ಟು, ಈರುಳ್ಳಿ ಉದುರಿಸಿ, ಸಾಸು ಹಾಕಿ ಕೊಡುವುದು. ಸಾಸೇಜ್ ಎಂದರೆ ನುಣ್ಣಗೆ ಅರೆದ ಮಾಂಸವನ್ನು ಬೆರಳಿನ ಹಾಗೆ ಮಾಡಿದ್ದು. ಅರೆದಿರುವುದು ಕೋಳಿಯನ್ನು.

ಗಾಡಿ ಹಾಕುವ ಮೊದಲು ಅವನು ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದ. ಮುಚ್ಚಿಟ್ಟು ಮಾಡುವ ಹುಡುಗ ಅವನಲ್ಲ. ಗಂಗಕ್ಕ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ಹೊಟ್ಟೆಪಾಡಿಗೆ ಬ್ಯಾಡ ಅನ್ನಲ್ಲ ಕಣಪ್ಪ. ಆದ್ರೆ ಒಂದು ತುಂಡು ಬೇಲಿಯೊಳಗೆ ಬಂತೋ, ಅವತ್ತಿಂದ ನಿನ್ ತಟ್ಟೆಗೆ ನಾನು ಮುದ್ದೆ ಹಾಕಲ್ಲ." ಜುಂಜೇಶ ಮಾತು ಕೊಟ್ಟ.

ಹುಳಿಯಾರು ರಸ್ತೆಯಲ್ಲಿ ಹಳೆಯ ಪಾನಿಪುರಿ ಗಾಡಿಯೊಂದನ್ನು ಕೊಂಡು, ಬಣ್ಣ ಬಳಿದು ಅಲ್ಲೇ ನಿಲ್ಲಿಸಿದ. ಸಾಸೇಜ್ ತರುವ ವ್ಯಾನು ಬೆಂಗಳೂರಿನಿಂದ ಬರುವುದು ಹದಿನೈದು ದಿನಕ್ಕೊಮ್ಮೆ. ಐಸ್‌ಕ್ರೀಮ್ ಅಂಗಡಿಯ ಗುಡ್ಡಪ್ಪ ತನ್ನ ಫ್ರೀಜರಿನ ಒಂದು ಮೂಲೆಯನ್ನು ಬಾಡಿಗೆಗೆ ಬಿಟ್ಟುಕೊಟ್ಟ. ಎಲ್ಲವೂ ಸರಿಯಾಗಿತ್ತು, ವ್ಯಾಪಾರ ಒಂದನ್ನು ಬಿಟ್ಟು.

ಪಕ್ಕದಲ್ಲಿ ಮಂಡಕ್ಕಿ ಮೆಣಸಿನಕಾಯಿ ಮಾರುವ ಹೊನ್ನಕ್ಕ ಮೊದಲ ದಿನವೇ ಬೋರ್ಡು ಓದಿಸಿಕೊಂಡು ನಕ್ಕಿದ್ದಳು. "ನಾಯಿ ಗೀಯಿ ಏನಿಲ್ಲ ತಾನೇನಪ್ಪ?" ಆಮೇಲೆ ಅವಳು ನಕ್ಕಿದ್ದು ಬೇರೆ ಕಾರಣಕ್ಕೆ. "ಲೇ ಜುಂಜ, ಬಾಯಿ ಬಿಟ್ಟು ಕೂಗಪ್ಪ. ಹಿಂಗೆ ಸುಮ್ಕೆ ನಿಂತ್ರೆ ಗಾಡಿ ಕಾಯೋಕೆ ಕೂಲಿಗೆ ಬಂದವನು ಅಂದ್ಕಂತಾರೆ." ಜುಂಜೇಶನಿಗೆ ಕೂಗಲು ಬರುತ್ತಿರಲಿಲ್ಲ. ತಾವಾಗಿ ಬಂದವರಿಗೆ ಕೊಡುತ್ತಿದ್ದ, ದಿನಕ್ಕೆ ನಾಲ್ಕೋ ಐದೋ.

ಒಂದು ಶನಿವಾರ, ವ್ಯಾನು ಬಂದ ಮರುದಿನ, ಆ ರಸ್ತೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಹೊಸದು ಬರುವುದು ಸೋಮವಾರ ಎಂದರು. ಗುಡ್ಡಪ್ಪ ಕರಗುತ್ತಿದ್ದ ಐಸ್‌ಕ್ರೀಮನ್ನು ಬಂದವರಿಗೆಲ್ಲ ಅರ್ಧ ಬೆಲೆಗೆ ಕೊಡುತ್ತಿದ್ದ. ಜುಂಜೇಶನ ಏಳು ಪ್ಯಾಕೆಟ್‌ಗಳನ್ನು ಹೊರಗೆ ತೆಗೆದಿಟ್ಟಿದ್ದ. ಒಟ್ಟು ಎಪ್ಪತ್ತು ಸಾಸೇಜು. ಅವನ ಕೈಯಲ್ಲಿದ್ದ ಬಂಡವಾಳವೆಲ್ಲ ಅದೇ. ಅದು ಹೋದರೆ ಮತ್ತೆ ತರಿಸಲು ಏನೂ ಇಲ್ಲ, ಗಾಡಿ ಮುಚ್ಚಬೇಕು. ಆಚೆ ಬೀದಿಯ ಕೋಳಿ ಅಂಗಡಿಯಲ್ಲಿ ಕೇಳಿದರೆ, ನಾಳೆ ಭಾನುವಾರ, ಫ್ರೀಜರಿನಲ್ಲಿ ಬೆರಳಿಡಲೂ ಜಾಗವಿಲ್ಲ ಎಂದರು.

"ನಿಮ್ಮನೇಲಿ ಫ್ರಿಜ್ ಐತಲ್ಲೋ," ಎಂದ ಗುಡ್ಡಪ್ಪ.

"ಹಟ್ಟಿಗೆ ಒಯ್ಯಂಗಿಲ್ಲಣ್ಣ."

"ಮೂರು ಕವರ್ ಸುತ್ತಿ ಮೇಲಿನ ಖಾನೆಲಿ ಇಡು. ಯಾರು ಬಿಚ್ಚಿ ನೋಡ್ತಾರೆ? ನಿಮ್ಮವ್ವಂಗೆ ಫ್ರಿಜ್ ಬಾಗಿಲು ತೆಗೆಯಾಕಾದ್ರೂ ಬರ್ತೈತಾ?"

ಬರುತ್ತಿರಲಿಲ್ಲ, ನಿಜ. ಜುಂಜೇಶ ಪ್ಯಾಕೆಟ್‌ಗಳನ್ನು ಐಸಿನ ತುಂಡುಗಳ ಜೊತೆ ಚೀಲಕ್ಕೆ ಹಾಕಿ, ಮೂರಲ್ಲ, ನಾಲ್ಕು ಕವರ್ ಸುತ್ತಿ, ಬೈಕಿನ ಮುಂದೆ ನೇತುಹಾಕಿಕೊಂಡು ಹೊರಟ.

ದಾರಿಯುದ್ದಕ್ಕೂ ಅವನಿಗೆ ಏನೂ ಅನ್ನಿಸಲಿಲ್ಲ. ಬೇಲಿಯ ಬಾಯಿಗೆ ಬರುತ್ತಲೇ ಬೈಕು ನಿಲ್ಲಿಸಿದ. ಹತ್ತು ಹೆಜ್ಜೆ ಹಾಕಿದರೆ ಹಟ್ಟಿ. ಬಿಸಿಲಿಗೆ ಹೊರಗೆ ಯಾರೂ ಕಾಣಲಿಲ್ಲ. ಕೆಳಗಿಳಿದ, ಚೀಲ ಕೈಗೆ ತೆಗೆದುಕೊಂಡ, ಮತ್ತೆ ಬೈಕಿಗೇ ಸಿಕ್ಕಿಸಿದ. ಐಸು ಕರಗಿ ನೀರು ತೊಟ್ಟಿಕ್ಕುತ್ತಿತ್ತು.

ಜಾಲಿ ಮರದ ಕೆಳಗೆ ಎಳೆಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ ಗಂಗಕ್ಕ ಇದನ್ನೆಲ್ಲ ನೋಡುತ್ತಿದ್ದಳು. ಕೈ ಒರೆಸಿಕೊಂಡು ಬಂದಳು.

"ಏನೋ ಅದು?"

ಅವನು ಹೇಳಿದ. ಕರೆಂಟು ಹೋದದ್ದು, ಗುಡ್ಡಪ್ಪ ಹೇಳಿದ್ದು, ನಾಲ್ಕು ಕವರ್ ಸುತ್ತಿದ್ದು, ಯಾವುದನ್ನೂ ಬಿಡಲಿಲ್ಲ.

"ಒಳಗೆ ತರಬೇಕು ಅಂತಲೇ ಬಂದ್ಯಾ?"

"ಹೂನವ್ವ."

"ಮತ್ಯಾಕೆ ನಿಂತೆ?"

"ಕಾಲು ಬರ್ಲಿಲ್ಲ."

ಗಂಗಕ್ಕ ಚೀಲವನ್ನು ದೂರದಿಂದಲೇ ನೋಡಿದಳು. "ಕರಗಿದ್ಮೇಲೆ ಎಷ್ಟೊತ್ತು ಇರ್ತೈತೆ ಅದು?"

"ಐಸಿನಾಗಿಟ್ರೆ ಹೊತ್ತು ಮುಳುಗಾ ತನಕ. ಆಮೇಲೆ ಮಾರಬಾರ್ದು."

"ಅಷ್ಟರೊಳಗೆ ಮಾರು ಮತ್ತೆ."

"ಎಪ್ಪತ್ತು ಐತವ್ವ. ನಂಗೆ ಕೂಗಾಕೆ ಬರಲ್ಲ." ಇಷ್ಟನ್ನು ಹೇಳುವಾಗ ಅವನ ಕಣ್ಣು ನೆಲ ನೋಡುತ್ತಿತ್ತು.

ಗಂಗಕ್ಕ ತಿರುಗಿ ಪಕ್ಕದ ಮನೆಯ ಮುದುಕನನ್ನು ಕರೆದಳು. "ಯತ್ತಪ್ಪಣ್ಣ, ಮರಿ ನೋಡ್ಕ. ಹಿರಿಯೂರಿಗೆ ಹೋಗಿ ಬರ್ತೀನಿ." ಸೆರಗು ಸಿಕ್ಕಿಸಿ ಬೈಕಿನ ಹಿಂದೆ ಕೂತಳು. "ನಡಿ ಹೋಗಾಣ. ಆ ಚೀಲ ಮಾತ್ರ ನನ್ ಮೈಗೆ ತಾಗಿಸ್ಬ್ಯಾಡ."

ಗಾಡಿಯ ಹತ್ತಿರ ಬರುವಾಗ ಎರಡೂವರೆ. ಬೇಕರಿಯಿಂದ ಬನ್ನು, ಹೊಸ ಐಸು ತಂದು ಜುಂಜೇಶ ಒಲೆ ಹಚ್ಚಿದ. ಗಂಗಕ್ಕ ಹೊನ್ನಕ್ಕನ ಸ್ಟೂಲಿನ ಮೇಲೆ ಕೂತು ಮಗನ ಕೆಲಸ ಮೊದಲ ಬಾರಿಗೆ ನೋಡಿದಳು. ಬನ್ನನ್ನು ಅಳತೆ ಹಿಡಿದಂತೆ ಸೀಳಿದ. ಸಾಸೇಜನ್ನು ನಾಲ್ಕು ಕಡೆಯೂ ಹೊರಳಿಸಿದ. ಸಾಸು ಒಂದು ಗೆರೆ, ಅದರ ಪಕ್ಕ ಇನ್ನೊಂದು ಗೆರೆ.

"ಲೇ, ಮದುವೆ ಹೆಣ್ಣಿಗೆ ಜಡೆ ಹೆಣೀತಿದೀಯೇನೋ? ಒಂದ್ಸಲಕ್ಕೆ ಹತ್ತು ಸುಡು. ಈರುಳ್ಳಿ ಇತ್ಲಾಗೆ ಕೊಡು, ಅದನ್ನ ಮುಟ್ಟಿದ್ರೆ ನಂಗೇನಾಗಲ್ಲ."

ಈರುಳ್ಳಿ ಹೆಚ್ಚಿ ಮುಗಿಸಿ ಎದ್ದು ರಸ್ತೆಯ ಅಂಚಿಗೆ ನಿಂತಳು. ಮೂವತ್ತು ವರ್ಷ ಬಯಲಿನಲ್ಲಿ ಕುರಿಮಂದೆ ಕೂಗಿ ಕರೆದ ಗಂಟಲು ಅದು. "ಹೋ... ಬರ್ರೋ... ಬಿಸಿಬಿಸಿ ಐತೆ ಬರ್ರೋ...!" ಎದುರಿನ ಟ್ಯೂಷನ್ ಮನೆಯ ಕಿಟಕಿಗಳು ತೆರೆದವು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು.

"ಗಂಗಕ್ಕ, ಹಿಂಗೆ ಕೂಗಿದ್ರೆ ದಿಟವಾಗ್ಲೂ ಕುರಿ ಬಂದಾವು, ನನ್ ಮಂಡಕ್ಕಿ ಉಳಿಯಾಕಿಲ್ಲ!" ಎಂದಳು ಹೊನ್ನಕ್ಕ.

"ಬಂದ್ರೆ ನಿಂಗೂ ವ್ಯಾಪಾರ ಆಗ್ತೈತೆ, ಸುಮ್ಕಿರು."

ಟ್ಯೂಷನ್ ಬಿಟ್ಟ ಹುಡುಗಿಯರು ಬಂದರು. ಆಟೋದವರು ಬಂದರು. ಹೂವಿನ ಲಾರಿಯ ಡ್ರೈವರೊಬ್ಬ ಎರಡು ತಿಂದು ಬಾಯಿ ಒರೆಸಿಕೊಳ್ಳುತ್ತ ಕೇಳಿದ. "ಅಜ್ಜಿ, ಇಷ್ಟು ಕೂಗ್ತೀರಲ್ಲ, ನೀವು ತಿಂದೀರಾ?"

"ನಾವು ಕೋಳಿ ತಿನ್ನಲ್ಲಪ್ಪ."

"ಮತ್ತೆ ರುಚಿ ಐತೆ ಅಂತ ಹೆಂಗೆ ಹೇಳ್ತೀರಿ?"

"ರುಚಿ ಅಂತ ನಾನೆಲ್ಲಿ ಹೇಳ್ದೆ? ಬಿಸಿ ಐತೆ ಅಂದೆ. ರುಚಿ ನೀನು ಹೇಳ್ಬೇಕು, ಎರಡು ತಿಂದಿದೀಯ."

ಸುತ್ತ ನಿಂತವರು ನಕ್ಕರು. ಡ್ರೈವರು ಇನ್ನೂ ನಾಲ್ಕನ್ನು ಕಟ್ಟಿಸಿಕೊಂಡ. ಜುಂಜೇಶ ತಲೆಯೆತ್ತದೆ ಸುಡುತ್ತಿದ್ದ, ಕಿವಿ ಕೆಂಪಾಗಿತ್ತು.

ಹೊತ್ತು ಮುಳುಗಿದಾಗ ಒಂಬತ್ತು ಉಳಿದಿದ್ದವು. ಅವನು ಒಲೆ ಆರಿಸಿದ. ಅಷ್ಟರಲ್ಲಿ ಕಾಲೇಜು ಹುಡುಗರಿಬ್ಬರು ಬೈಕು ನಿಲ್ಲಿಸಿ ನಾಲ್ಕು ಕೇಳಿದರು.

"ಮುಗೀತು," ಎಂದ ಜುಂಜೇಶ.

"ಅಲ್ಲೇ ಅವೆಯಲ್ಲ!"

"ಅವು ಕೊಡೋವಲ್ಲ. ಹೊತ್ತಾಗೈತೆ. ಹೊಸ ಮಾಲು ತಂದಾಗ ಬರ್ರಿ." ಅಷ್ಟು ಜೋರಾಗಿ ಅವನು ಆ ರಸ್ತೆಯಲ್ಲಿ ಎಂದೂ ಮಾತಾಡಿರಲಿಲ್ಲ.

ಹುಡುಗರು ಗೊಣಗುತ್ತ ಹೋದರು. ಅವನು ಒಂಬತ್ತನ್ನೂ ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಮಗ ಗಾಡಿಯನ್ನು ಮೂರು ಸಲ ಒರೆಸುವುದನ್ನು ಗಂಗಕ್ಕ ನೋಡುತ್ತ ಕೂತಿದ್ದಳು.

"ಬನ್ನು ಉಳಿದಾವಾ?" ಎಂದಳು ಕೊನೆಗೆ.

"ಐದಾರು ಅವೆ."

"ಒಂದು ಕೊಡು. ಹಸಿವಾಗೈತೆ."

ಅಷ್ಟು ಹೊತ್ತೂ ಮಗನ ಗಾಡಿಯಿಂದ ಅವಳು ಗುಟುಕು ನೀರನ್ನೂ ಮುಟ್ಟಿರಲಿಲ್ಲ. ಜುಂಜೇಶ ಕಾವಲಿಯ ಹತ್ತಿರ ಹೋಗದೆ, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದುಕೊಂಡ. ಕಟ್ಟು ಒಡೆಯದ ಪೊಟ್ಟಣದಿಂದ ಬನ್ನು ತೆಗೆದು, ಹೊನ್ನಕ್ಕನ ಚಾಕು ಇಸಕೊಂಡು ಸೀಳಿದ. ಒಳಗೆ ಅವಳೇ ಹೆಚ್ಚಿದ ಈರುಳ್ಳಿ ತುಂಬಿ, ಹೊಸ ಕಾಗದದ ಮೇಲಿಟ್ಟು ಎರಡೂ ಕೈಯಲ್ಲಿ ಕೊಟ್ಟ.

ಗಂಗಕ್ಕ ಅಲ್ಲೇ ಕೂತು ನಿಧಾನವಾಗಿ ಅಗಿದಳು. ಅವನು ನಿಂತು ನೋಡುತ್ತಿದ್ದ.

"ಹೆಂಗೈತವ್ವ?"

"ಉಪ್ಪು ಸಾಲದು ಕಣೋ," ಎಂದು ಇನ್ನೊಂದು ತುತ್ತು ಕಚ್ಚಿದಳು.

ಅವನು ಉಪ್ಪಿನ ಡಬ್ಬಿ ತರಲು ಓಡಿದ.